ಯೂರಿಕ್ ಆಸಿಡ್: ಮುಸ್ಯಾಗ ಇಲ್ಲದ ಜಡ್ಡು ನಮಗ್ಯಾಕ?

ಗೋಕುಲ ರೋಡ್ ಪೈಪ್ ಅಂಗಡಿ, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ಪೈಪು, ನಳದ ಸಾಮಾನಿನ ಅಂಗಡಿ ನಂದು. ವಯಸ್ಸು 44. ಹೋದ ದೀಪಾವಳಿ ಮುಂದ ಬಲಗಾಲ ಹೆಬ್ಬಟ್ಟಿನ ಬುಡಕ್ಕ ರಾತ್ರೋರಾತ್ರಿ ಬಾವು ಬಂತು. ಕೆಂಪಗಾಗಿ, ಮ್ಯಾಲ ಚಾದರ ತಾಗಿದ್ರ ಸೈತ ಚೀರಬೇಕು ಅನ್ನಿಸ್ತಿತ್ತು. ರಕ್ತ ತಪಾಸಣಿ ಮಾಡಿಸಿದ್ರ ಯೂರಿಕ್ ಆಸಿಡ್ 8.9. ಡಾಕ್ಟರ್ರು ಗೌಟ್ ಅಂದ್ರು, ಗುಳಿಗಿ ಬರದ್ರು. ಬ್ಯಾನಿ ಇಳೀತು, ಗುಳಿಗಿ ಬಿಟ್ಟೆ. ಈಗ ಮತ್ತ ಬಂದೈತಿ, ಈ ಸಲ ಕಾಲಿನ ಹರಡಿಗೆ. ಗಲ್ಲಾಪೆಟ್ಟಿಗಿ ಮುಂದ ಕಾಲು ಸ್ಟೂಲ್ ಮ್ಯಾಲ ಇಟ್ಕೊಂಡು ಕುಂತೀನಿ, ಗಿರಾಕಿ ಎಲ್ಲಾ ನನ್ನ ಕಾಲನ್ನ ನೋಡ್ತಾರ.

ಮನ್ಯಾಗ ತೊಗರಿಬ್ಯಾಳಿ, ಮಡಿಕಿಕಾಳು, ಹೆಸರು, ಕಡ್ಲಿ, ಪಾಲಕ, ಟೊಮ್ಯಾಟೊ ಎಲ್ಲಾ ಬಂದ್ ಮಾಡ್ಯಾರ. ರೊಟ್ಟಿ ಜೋಡಿ ಏನ್ ತಿನ್ಲಿ, ಹೇಳ್ರಿ. ತಿಂಗಳಿಗೊಂದ್ಸಲ ಸಾವಜಿ ಖಾನಾವಳಿಗೆ ಹೋಗ್ತೀನಿ ಅನ್ನೋದನ್ನ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈಗ ಅಸಲ ಪ್ರಶ್ನಿ. ನಮ್ಮ ಅಣ್ಣನ ಮಗ ಧಾರವಾಡದಾಗ ಬಿಎಸ್ಸಿ ಮಾಡಾಕತ್ತಾನ. ಅವ ಅಂತಾನ, "ಕಾಕಾ, ಮಂಗ್ಯಾ ಮುಸ್ಯಾಗಳಿಗೆ ಯೂರಿಕ್ ಆಸಿಡ್ ಒಡಿಯೋ ಜೀನ್ ಐತಿ. ನಮ್ಮದು ಕೆಟ್ಟೈತಿ. ಅಮೆರಿಕಾದಾಗ ಅದನ್ನ ರಿಪೇರಿ ಮಾಡ್ಯಾರ." ಇದು ಖರೇ ಏನ್ರಿ? ಖರೇ ಇದ್ರ ಜೀವನಪೂರ್ತಿ ಗುಳಿಗಿ ನುಂಗೋದ್ಕಿಂತ ಒಂದೆರಡು ವರ್ಷ ತಡದು ಅದನ್ನ ಮಾಡಿಸ್ಕೊಳ್ಳೋದು ಛಲೋ ಅಲ್ಲೇನು?

ಸಪ್ತಾಪುರದ ಮಾಸ್ತರ, ಧಾರವಾಡ

ನಿಮ್ಮ ಅಣ್ಣನ ಮಗ ಹೇಳಿದ್ದರಾಗ ಮೊದಲಿನ ಎರಡು ಮಾತು ಖರೇ. ಮೂರನೇದು ಅರ್ಧ. ನಾ ಕಾಲೇಜಿನ್ಯಾಗ ಜೀವರಸಾಯನ ಕಲಿಸಿದಾಂವ, ಉದ್ದ ಬರೀತೀನಿ, ತಡಕೋರಿ.

ನಮ್ಮ ಮೈಯಾಗ ಹಳೇ ಜೀವಕೋಶ ಸಾಯ್ತಾವ, ಹೊಸಾವು ಹುಟ್ತಾವ. ಸತ್ತ ಕೋಶದ ಡಿಎನ್ಎ ಒಡದಾಗ ಪ್ಯೂರಿನ್ ಅನ್ನೋ ಸಾಮಾನು ಉಳೀತದ. ಅದು ಕಡೀಕ ಯೂರಿಕ್ ಆಸಿಡ್ ಆಗ್ತದ. ನಾಯಿ, ಆಕಳಾ, ಇಲಿ ಇವಕ್ಕೆಲ್ಲಾ ಮುಂದ ಇನ್ನೊಂದು ಹೆಜ್ಜಿ ಅದ: ಯೂರಿಕೇಸ್ ಅನ್ನೋ ಕಿಣ್ವ ಅದನ್ನ ಒಡದು ಅಲಾಂಟೋಯಿನ್ ಮಾಡ್ತದ. ಅಲಾಂಟೋಯಿನ್ ನೀರಾಗ ಸರಳ ಕರಗಿ ಉಚ್ಚಿ ಜೋಡಿ ಹೋಗಿಬಿಡ್ತದ. ನಮಗ ಆ ಹೆಜ್ಜಿ ಇಲ್ಲ. ಹಿಂಗಾಗಿ ಇಲಿ ರಕ್ತದಾಗ ಯೂರಿಕ್ ಆಸಿಡ್ 1ರ ಸುತ್ತಮುತ್ತ, ನಮ್ಮೊಳಗ ನಾಲ್ಕು, ಐದು, ಆರು. ಸುಮಾರು 6.8 ದಾಟಿತಂದ್ರ ಅದು ರಕ್ತದಾಗ ಕರಗಿ ಇರಲಿಕ್ಕೆ ಒಲ್ಲೆ ಅಂತದ, ಸೂಜಿಯಂಥ ಹರಳಾಗಿ ಕೀಲಿನ್ಯಾಗ ಕೂಡ್ತದ. ನಿಮ್ಮ ಅಂಗಡಿ ಭಾಷಾದಾಗ ಹೇಳೋದಾದ್ರ, ನಳ ಎಲ್ಲಾ ಪ್ರಾಣಿದೂ ಒಂದೇ ಅದ, ನಮ್ಮ ಗಟಾರಕ್ಕ ಒಂದು ಪೈಪ್ ಕಮ್ಮಿ.

ಆ ಜೀನ್ ಕಳದು ಹೋಗಿಲ್ಲ, ಇದು ಮಜಾ. ನಮ್ಮ 1ನೇ ವರ್ಣತಂತುವಿನ್ಯಾಗ ಇನ್ನೂ ಬಿದ್ದದ. ಆದ್ರ ನಡುವ "ಇಲ್ಲಿಗೆ ನಿಲ್ಲಿಸು" ಅನ್ನೋ ಸೂಚನಾ ಬಂದು ಕೂತದ, ಕೋಶ ಅಲ್ಲಿಗೆ ಓದೂದು ಬಿಡ್ತದ. ಮನಷ್ಯಾ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಈ ಎಲ್ಲಾರಿಗೂ ಅದೇ ಜಾಗಾದಾಗ ಅದೇ ತಪ್ಪು. ನಾಲ್ಕೂ ಮಂದಿ ಬ್ಯಾರೆ ಬ್ಯಾರೆ ಕೆಡಿಸ್ಕೊಂಡಿದ್ರ ಅದು ಒಂದೇ ಜಾಗಾದಾಗ ಬರ್ತಿರಲಿಲ್ಲ. ಅಂದ್ರ ನಾಲ್ಕೂ ಮಂದಿಯ ಮೂಲ ಅಜ್ಜನ ಕಾಲಕ್ಕ, ಸುಮಾರು ಒಂದೂವರೆ ಕೋಟಿ ವರ್ಷದ ಹಿಂದ ಕೆಟ್ಟದ್ದದು. ಗಿಬ್ಬನ್ ಅಂತ ಒಂದು ಸಣ್ಣ ವಾನರ ಅದ ನೋಡ್ರಿ, ಅಸ್ಸಾಮಿನ ಕಡೆ ಕಾಡಿನ್ಯಾಗ ಸಿಗ್ತದ, ಅದರ ಜೀನೂ ಕೆಟ್ಟದ, ಆದ್ರ ತಪ್ಪು ಬ್ಯಾರೆ ಜಾಗಾದಾಗ. ಅದು ತಂದು ತಾನ ಬ್ಯಾರೆ ಕೆಡಿಸ್ಕೊಂಡದ. ಇದೆಲ್ಲಾ 1992ಕ್ಕ ಅಚ್ಚಾದ ಕೆಲಸ. ಮುಸ್ಯಾ, ಕೆಂಪು ಮೂತಿ ಮಂಗ್ಯಾ ಇವು ಸೇರೋ ಗುಂಪಿನ್ಯಾಗ ಯೂರಿಕೇಸ್ ಇನ್ನೂ ಕೆಲಸ ಮಾಡ್ತದ, ಆದ್ರ ನಾಯಿ ಇಲಿಯೊಳಗ ಇದ್ದಷ್ಟು ಜೋರು ಇಲ್ಲ. ನಮ್ಮ ವಿಶ್ವವಿದ್ಯಾಲಯದ ಆವರಣದಾಗ ಗಿಡದ ಮ್ಯಾಲ ಕೂತು ಎಲಿ ತಿನ್ನೋ ಮುಸ್ಯಾಗ ನಿಮ್ಮ ಬ್ಯಾನಿ ಇಲ್ಲ, ಅದಂತೂ ಖರೇ.

ಯಾಕ ಜೋರು ಇಲ್ಲ? 2014ರಾಗ ಅಮೆರಿಕಾದ ಜಾರ್ಜಿಯಾ ರಾಜ್ಯದ ಎರಿಕ್ ಗೌಚರ್ ಅನ್ನೋರ ತಂಡ ಇವತ್ತಿನ ಪ್ರಾಣಿಗಳ ಜೀನ್ ಎಲ್ಲಾ ಜೋಡಿಸಿ ನೋಡಿ, ಸತ್ತುಹೋದ ಪೂರ್ವಜರ ಯೂರಿಕೇಸ್ ಹೆಂಗಿದ್ದೀತು ಅಂತ ಲೆಕ್ಕ ಹಾಕಿ, ಅದನ್ನ ಪ್ರಯೋಗಶಾಲಾದಾಗ ಹೊಸದಾಗಿ ತಯಾರಿಸಿ ಪರೀಕ್ಷಾ ಮಾಡ್ತು. ತೀರಾ ಹಳೇ ಪೂರ್ವಜರ ಕಿಣ್ವ ಭಾಳ ಚುರುಕು. ನಮ್ಮ ಕಡೆ ಬಂದಂಗ ಬಂದಂಗ ಮಂದ. ಅಂದ್ರ ಒಂದಿನ ಫಟ್ ಅಂತ ಕೆಟ್ಟದ್ದಲ್ಲ, ಕೋಟಿಗಟ್ಟಲೆ ವರ್ಷ ಸವೆದು ಕಡೀಕ ನಿಂತದ್ದು. ಇದು ನನಗ ಭಾಳ ಮಹತ್ವದ್ದು ಅನ್ನಸ್ತದ. ಯಾಕಂದ್ರ 1994ರಾಗ ಇಲಿಯೊಳಗ ಈ ಜೀನ್ ಒಮ್ಮೆಲೆ ತಗದು ನೋಡಿದ್ರು. ಕಿಡ್ನಿ ತುಂಬ ಹರಳು ತುಂಬಿ ಅರ್ಧಕ್ಕಿಂತ ಜಾಸ್ತಿ ಮರಿ ನಾಲ್ಕು ವಾರದೊಳಗ ಸತ್ವು. ನಾವು ಸತ್ತಿಲ್ಲ, ನಮ್ಮ ಕಿಡ್ನಿಗೆ ಹೊಂದಿಕೊಳ್ಳಲಿಕ್ಕೆ ವ್ಯಾಳ್ಯಾ ಸಿಕ್ಕಿತ್ತು. ಅದಕ್ಕಿಂತ ವಿಚಿತ್ರ ಅಂದ್ರ, ನಮ್ಮ ಕಿಡ್ನಿ ಸೋಸಿದ ಯೂರಿಕ್ ಆಸಿಡ್‌ನಾಗ ಸುಮಾರು ನೂರಕ್ಕ 90 ಪಾಲು ತಿರುಗಿ ರಕ್ತಕ್ಕ ಹೀರ್ಕೋತದ. ಬ್ಯಾಡಾದದ್ದಾಗಿದ್ರ ಹಂಗ್ಯಾಕ ಜೋಪಾನ ಮಾಡ್ತಿತ್ತು?

ಅದಕ್ಕ ಒಂದು ಕಥಿ ಹೇಳ್ತಾರ. ಹಣ್ಣು ಸಿಗದ ಚಳಿಗಾಲಕ್ಕಂತ ಹಣ್ಣಿನ ಸಕ್ರಿಯನ್ನ ಕೊಬ್ಬಾಗಿ ಕೂಡಿಡಲಿಕ್ಕೆ ಯೂರಿಕ್ ಆಸಿಡ್ ಸಹಾಯ ಮಾಡ್ತು, ಅದಕ್ಕ ಯೂರಿಕೇಸ್ ಕಳಕೊಂಡಾವ್ರ ಬದುಕಿದ್ರು ಅಂತ. ಕಥಿ ಛಂದ ಅದ. ನನಗ ಪೂರ್ತಿ ನಂಬಿಕಿ ಇಲ್ಲ. ಒಂದೂವರೆ ಕೋಟಿ ವರ್ಷದ ಹಿಂದಿನ ಹಸಿವನ್ನ ಯಾರು ಅಳದಾರ? ಆದ್ರ ಸಕ್ರಿ ಮತ್ತ ಕೊಬ್ಬಿನ ನಂಟು ಇದ್ದದ್ದ, ಅದಕ್ಕ ಈಗ ಪುರಾವೆ ಬರ್ಲಿಕತ್ತದ.

ಆ ಪುರಾವೇನ ನಿಮ್ಮ ಹುಡುಗ ಓದಿದ್ದು. 2025ರಾಗ ಗೌಚರ್ ಅವರದ ಗುಂಪು, ಈಗ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಾಗ, ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಸಿ ಸೇರಿಸೋ ವಿಧಾನದಿಂದ ಆ ಪುರಾತನ ಯೂರಿಕೇಸ್ ಜೀನನ್ನ ಮನಷ್ಯಾನ ಯಕೃತ್ತಿನ ಕೋಶದೊಳಗ ಸೇರಿಸ್ತು. ಕೋಶದ ಯೂರಿಕ್ ಆಸಿಡ್ ಇಳೀತು. ಫ್ರಕ್ಟೋಸ್ ಸಕ್ರಿ ಹಾಕಿದಾಗ ತುಂಬಬೇಕಾದ ಕೊಬ್ಬೂ ತುಂಬಲಿಲ್ಲ. ಛಲೋ ಕೆಲಸ. ಆದ್ರ ಆದದ್ದು ತಾಟಿನ್ಯಾಗ ಬೆಳೆಸಿದ ಕೋಶದೊಳಗ. ಅದಿನ್ನ ಪ್ರಾಣಿಗೆ ಹೋಗ್ಬೇಕು, ಆಮ್ಯಾಲ ಮನಷ್ಯಾನ ಸುರಕ್ಷತಾ ಪರೀಕ್ಷಾ, ಆಮ್ಯಾಲ ಪರಿಣಾಮದ್ದು. "ಒಂದೆರಡು ವರ್ಷ ತಡದು ಮಾಡಿಸ್ಕೋತೀನಿ" ಅನ್ನೋ ಮಾತು ಬಿಟ್ಟಬಿಡ್ರಿ.

ಗೋಕುಲ ರೋಡ್ ಪೈಪ್ ಅಂಗಡಿ

ಮಾಸ್ತರ್ರ, ನಮ್ಮ ಹುಡುಗ ಇದನ್ನ ಓದಿ ಕಾಲರ್ ಏರ್ಸ್ಕೊಂಡು ಅಡ್ಡಾಡಾಕತ್ತಾನ. ಒಂದ ಅನುಮಾನ. ಮಂಗ್ಯಾನ ಕಿಣ್ವ ಅಷ್ಟು ಛಲೋ ಇದ್ರ ಅದನ್ನ ಇಂಜೆಕ್ಷನ್ ಮಾಡಿ ಕೊಡಬಾರದೇನು?

ಸಪ್ತಾಪುರದ ಮಾಸ್ತರ

ಕೊಟ್ಟಾರ! ಪೆಗ್ಲೋಟಿಕೇಸ್ ಅಂತ, ಅಮೆರಿಕಾದಾಗ 2010ಕ್ಕ ಪರವಾನಿಗಿ ಸಿಕ್ಕದ. ಅದು ಹಂದಿಯ ಯೂರಿಕೇಸ್, ಅದಕ್ಕ ಬಬೂನ್ ಅನ್ನೋ ಆಫ್ರಿಕಾದ ಮಂಗದ ಒಂದು ತುಣುಕು ಜೋಡಿಸ್ಯಾರ. ಎರಡು ವಾರಕ್ಕೊಮ್ಮೆ ಸಲಾಯಿನ್ ಹಂಗ ರಕ್ತನಾಳಕ್ಕ ಬಿಡಬೇಕು. ಹೋದಲ್ಲಿ ಯೂರಿಕ್ ಆಸಿಡ್ ಒಮ್ಮೆಲೆ ನೆಲಾ ಹಿಡೀತದ. ಆದ್ರ ನಮ್ಮ ಮೈ ಅದನ್ನ ಪರಕೀಯ ಅಂತ ಗುರುತು ಹಿಡದು ಪ್ರತಿಕಾಯ ತಯಾರಿಸ್ತದ, ಭಾಳ ಮಂದಿಗೆ ಕೆಲ ತಿಂಗಳಾಗೊಮ್ಮೆ ಔಷಧ ನಾಟೂದ ನಿಲ್ತದ, ಕೆಲವರಿಗೆ ಜೋರು ಅಲರ್ಜಿನೂ ಆಗ್ತದ. ಅಲ್ದ ಯೂರಿಕೇಸ್ ಕೆಲಸ ಮಾಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ತದ. ಜಿ6ಪಿಡಿ ಅನ್ನೋ ಕಿಣ್ವದ ಕೊರತಿ ಇದ್ದವರಿಗೆ ಅದರಿಂದ ಕೆಂಪು ರಕ್ತಕಣ ಒಡೀತಾವ, ಅದಕ್ಕ ಮೊದಲ ಆ ಪರೀಕ್ಷಾ ಮಾಡಬೇಕು. ಗುಳಿಗಿ ಯಾವುದೂ ನಾಟದ, ಕೀಲಿನ್ಯಾಗ ಗಂಟು ಗಂಟಾದ ಮಂದಿಗೆ ಇದು. 8.9ಕ್ಕ ಅಲ್ಲ.

ನಿಮಗ ಗುಳಿಗಿನೇ. ಅಲೋಪ್ಯೂರಿನಾಲ್ ಕಂಡುಹಿಡದ ಗರ್ಟ್ರೂಡ್ ಎಲಿಯನ್ ಮತ್ತ ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಾಗ ನೊಬೆಲ್ ಬಂತು. ಅದು ಯೂರಿಕ್ ಆಸಿಡ್ ಹುಟ್ಟೂದನ್ನ ತಡೀತದ. ಒಡಿಯೂದು ನಮ್ಮ ಕಡೆ ಆಗಂಗಿಲ್ಲ ಅಂದಮ್ಯಾಲ ಹುಟ್ಟೂದನ್ನರ ಕಮ್ಮಿ ಮಾಡೋಣ ಅನ್ನೋ ಲೆಕ್ಕ.

ರಾಣೆಬೆನ್ನೂರ ರೈತ

ಇಷ್ಟೆಲ್ಲಾ ಯಾಕ್ರಿ. ನಮ್ಮ ಹೊಲದ ಬೇಲ್ಯಾಗ ಗೌರಿ ಹೂವಿನ ಬಳ್ಳಿ ಬರ್ತೈತಿ. ಅದರ ಗಡ್ಡಿ ತೇದು ಒಂದ್ ಚಮಚ ಕುಡೀರಿ. ಇಂಗ್ಲಿಷ್ ಗುಳಿಗ್ಯಾಗ ಇರೋದೂ ಅದ ಔಷಧ ಅಂತ ನಮ್ಮ ಕಡೆ ಎಲ್ಲಾರೂ ಅಂತಾರ.

ಗದಗಿನ ಲ್ಯಾಬ್ ಅಕ್ಕ

ರಾಣೆಬೆನ್ನೂರ ಅಣ್ಣಾರ, ದಯವಿಟ್ಟು ಇದನ್ನ ಯಾರಿಗೂ ಹೇಳಬ್ಯಾಡ್ರಿ. ಗೌರಿ ಹೂವಿನ ಗಡ್ಡ್ಯಾಗ ಕೊಲ್ಚಿಸಿನ್ ಇರೋದು ಖರೇನ, ಗೌಟಿಗೆ ಕೊಡೋ ಕೊಲ್ಚಿಸಿನ್ ಗುಳಿಗಿನೂ ಖರೇನ. ಆದ್ರ ಗುಳಿಗ್ಯಾಗ ಅರ್ಧ ಮಿಲಿಗ್ರಾಂ ಅಂತ ಅಳತಿ ಐತಿ, ಗಡ್ಡ್ಯಾಗ ಎಷ್ಟೈತಿ ಅಂತ ಯಾರು ಅಳೀತಾರ? ಉಪಯೋಗಕ್ಕೂ ವಿಷಕ್ಕೂ ನಡುವ ಅಂತರ ಭಾಳ ಸಣ್ಣದು. ವಾಂತಿ, ಭೇದಿಯಿಂದ ಶುರು ಆಗಿ ಕಿಡ್ನಿ, ರಕ್ತ ಎಲ್ಲಾ ಹಾಳಾಗಿ ಜೀವ ಹೋಗ್ತೈತಿ. ಗುಳಿಗಿದ ಜಾಸ್ತಿ ತಗೊಂಡ್ರೂ ಫಾಯ್ದೆ ಇಲ್ಲ. ಕಮ್ಮಿ ಡೋಸ್, ಜಾಸ್ತಿ ಡೋಸ್ ಎರಡನ್ನೂ ಹೋಲಿಸಿ ನೋಡಿದಾಗ ಬ್ಯಾನಿ ಅಷ್ಟ ಇಳದೈತಿ, ಭೇದಿ ಮಾತ್ರ ಜಾಸ್ತಿ ಆಗೈತಿ.

ಈಗ ಪೈಪ್ ಅಂಗಡಿ ಅಣ್ಣಾರಿಗೆ. ನಾ ಡಾಕ್ಟರ್ ಅಲ್ಲ, ರಕ್ತ ತಗಿಯಾಕಿ. ನಮ್ಮ ಕೌಂಟರಿಗೆ ಬರೋ ಗೌಟ್ ಮಂದ್ಯಾಗ ನಿಮ್ಮಂಗ "ಬ್ಯಾನಿ ಹೋತು, ಗುಳಿಗಿ ಬಿಟ್ಟೆ" ಅನ್ನಾವ್ರ ಹೆಚ್ಚು. ಬ್ಯಾನಿ ಇಳಿಸೋ ಗುಳಿಗಿ ಬ್ಯಾರೆ, ಯೂರಿಕ್ ಆಸಿಡ್ ಇಳಿಸೋದು ಬ್ಯಾರೆ. ಎರಡನೇದು 6ರ ಕೆಳಗ ಬಂದು ಅಲ್ಲೇ ನಿಲ್ಲೋ ತನಕ, ಆಮ್ಯಾಲೂ, ದಿನಾ ನಡೀಬೇಕು. ಶುರು ಮಾಡಿದ ಮೊದಲ ಕೆಲ ತಿಂಗಳಾಗ ಬ್ಯಾನಿ ಒಂದೆರಡು ಸಲ ಜಾಸ್ತಿನ ಆಗಬಹುದು, ಕೂಡಿದ ಹರಳು ಕದಲ್ತಾವ. ಅದಕ್ಕ ಡಾಕ್ಟರ್ರು ಜೋಡಿಗೆ ಕಮ್ಮಿ ಕೊಲ್ಚಿಸಿನ್ ಬರೀತಾರ. ಅಲ್ಲೇ ಹೆದರಿ ಬಿಟ್ಟಬಿಡ್ತಾರ ಮಂದಿ. ಅಲೋಪ್ಯೂರಿನಾಲ್ ಶುರು ಮಾಡಿದಾಗ ಮೈಮ್ಯಾಲ ಗಂಧಿ ಎದ್ರ, ಜ್ವರ ಬಂದ್ರ ಮಾತ್ರ ತಡೀಬ್ಯಾಡ್ರಿ, ಗುಳಿಗಿ ನಿಲ್ಲಿಸಿ ಅವತ್ತ ಡಾಕ್ಟರಿಗೆ ತೋರಸ್ರಿ.

ಇನ್ನೊಂದು, ಬ್ಯಾನಿ ಜೋರಿದ್ದಾಗ ರಕ್ತ ಕೊಟ್ರ ಯೂರಿಕ್ ಆಸಿಡ್ ಸರಿ ಇದ್ದಂಗ ತೋರಿಸಬಹುದು. "ರಿಪೋರ್ಟ್ ನಾರ್ಮಲ್ ಬಂತು, ಗೌಟ್ ಅಲ್ಲ" ಅಂತ ತಿಳ್ಕೊಂಡು ಹೋಗ್ತಾರ. ಬಾವು ಇಳದು ಎರಡು ವಾರ ಆದಮ್ಯಾಲ ಮತ್ತೊಮ್ಮೆ ಕೊಡ್ರಿ.

ಮತ್ತ ನಿಮ್ಮ ಮಡಿಕಿಕಾಳು ನಿಮಗ ವಾಪಸ್ ಕೊಡಸ್ತೀನಿ. ಅಮೆರಿಕಾದಾಗ 47 ಸಾವಿರ ಗಂಡಸರನ್ನ 12 ವರ್ಷ ನೋಡಿದ ಅಧ್ಯಯನ 2004ರಾಗ ಬಂದೈತಿ. ಅದರಾಗ 730 ಮಂದಿಗೆ ಹೊಸದಾಗಿ ಗೌಟ್ ಬಂತು. ಮಾಂಸ ಭಾಳ ತಿನ್ನೋರಿಗೆ ಅಪಾಯ ನೂರಕ್ಕ 41, ಮೀನು ಸೀಗಡಿ ತಿನ್ನೋರಿಗೆ 51ರಷ್ಟು ಜಾಸ್ತಿ. ಪ್ಯೂರಿನ್ ಇರೋ ಕಾಳು, ಪಾಲಕದಂಥ ಪಲ್ಯ ತಿನ್ನೋರಿಗೆ ಜಾಸ್ತಿ ಆಗೇ ಇಲ್ಲ. ಹಾಲು ಮೊಸರು ತಗೊಳ್ಳೋರಿಗೆ ಕಮ್ಮಿ. ಅಂದ್ರ ನಿಮ್ಮ ಮನ್ಯಾಗ ಬಂದ್ ಆಗಿದ್ದು ನಿರಪರಾಧಿ. ನೀವು ಹೇಳದೇ ಮುಚ್ಚಿಟ್ಟ ಖಾನಾವಳಿ, ಅಲ್ಲಿನ ಖೀಮಾ, ಕಾಳಿಜ, ಅದರ ಜೋಡಿ ಬಿಯರ್ ಇದ್ರ ಅದೂ, ವಿಚಾರಣೆಗೆ ಬರಬೇಕು. ತಂಪು ಪಾನೀಯನೂ ಹಂಗ.

ಗೋಕುಲ ರೋಡ್ ಪೈಪ್ ಅಂಗಡಿ

ಅಕ್ಕಾರ, ನಿಮ್ಮ ಮೆಸೇಜ್ ಮನ್ಯಾಗ ಓದಿ ಹೇಳಿದೆ. ಮಡಿಕಿಕಾಳು ವಾಪಸ್ ಬಂತು, ಖಾನಾವಳಿ ಸುದ್ದಿನೂ ಹೊರಗ ಬಿತ್ತು. ಆಗ್ಲಿ ಬಿಡ್ರಿ.

ಪೇಡೆ? ಬ್ಯಾಸಗ್ಯಾಗ ಅಂಗಡಿ ಮುಂದ ಕಬ್ಬಿನ ಹಾಲಿನ ಗಾಡಿ ನಿಲ್ತೈತಿ, ಅದು? ಮತ್ತ ನಾ ಬಿಪಿ ಗುಳಿಗಿನೂ ತಗೋತೀನಿ. ಹಾಳಿ ಮ್ಯಾಲ ಎರಡು ಹೆಸರು ಅದಾವ, ಎರಡನೇದು ಹೈಡ್ರೋಕ್ಲೋರೋಥಯಜೈಡ್ ಅಂತ. ಇದೆಲ್ಲಾ ಕೂಡಿ ಏನರ ಆಕ್ಕೈತೇನು?

ಸಪ್ತಾಪುರದ ಮಾಸ್ತರ

ಪೇಡೆದಾಗ, ಕಬ್ಬಿನ ಹಾಲಿನ್ಯಾಗ ಇರೋ ಸಕ್ರಿಯ ಅರ್ಧ ಪಾಲು ಫ್ರಕ್ಟೋಸ್. ಯಕೃತ್ತು ಅದನ್ನ ಅರಗಿಸೋ ಗದ್ದಲದಾಗ ಯೂರಿಕ್ ಆಸಿಡ್ ಹುಟ್ಟಿಸ್ತದ. ಧಾರವಾಡದಾಗಿದ್ದು ಪೇಡೆ ಬಿಡ್ರಿ ಅಂತ ನಾ ಹೇಳಲಾರೆ, ಒಂದು ತಿನ್ರಿ. ಕಬ್ಬಿನ ಹಾಲು ಗ್ಲಾಸುಗಟ್ಟಲೆ ದಿನಾ ಹೋಗ್ತಿದ್ರ ಅದನ್ನ ಮೊದಲ ನಿಲ್ಲಿಸ್ರಿ.

ಬಿಪಿ ಗುಳಿಗಿದು ಛಲೋ ಕೇಳಿದ್ರಿ, ಮೊದಲ ಕೇಳಬೇಕಿತ್ತು. ಆ ಎರಡನೇ ಹೆಸರಿನ ಔಷಧ ಉಚ್ಚಿ ಹೆಚ್ಚು ಮಾಡ್ತದ, ಆದ್ರ ಯೂರಿಕ್ ಆಸಿಡ್ ಹೊರಗ ಹೋಗೂದನ್ನ ಕಮ್ಮಿ ಮಾಡ್ತದ. ನಿಮ್ಮ 8.9ರಾಗ ಅದರದೂ ಪಾಲು ಇರಬಹುದು. ಹಂಗಂತ ತಾವ ನಿಲ್ಲಿಸಬ್ಯಾಡ್ರಿ, ಬಿಪಿ ಏರಿದ್ರ ಗೌಟಿಗಿಂತ ದೊಡ್ಡ ತ್ರಾಸು. ಲೋಸಾರ್ಟಾನ್ ಅಂತ ಇನ್ನೊಂದು ಬಿಪಿ ಔಷಧ ಅದ, ಅದು ಯೂರಿಕ್ ಆಸಿಡ್ ಸ್ವಲ್ಪ ಇಳಸ್ತದ. ಬದಲಿ ಮಾಡಲಿಕ್ಕೆ ಬರ್ತದೋ ಇಲ್ಲೋ ನಿಮ್ಮ ಡಾಕ್ಟರನ್ನ ಕೇಳ್ರಿ. ಹೋಗುವಾಗ ಗುಳಿಗಿ ಹಾಳಿ ಎಲ್ಲಾ ಜೋಡಿಗೆ ಒಯ್ರಿ, ಕಿಡ್ನಿದು ಕ್ರಿಯಾಟಿನಿನ್ ಪರೀಕ್ಷಾನೂ ಒಮ್ಮೆ ಆಗ್ಲಿ. ಅಲೋಪ್ಯೂರಿನಾಲ್ ಎಷ್ಟರಿಂದ ಶುರು ಮಾಡೂದು ಅನ್ನೋದು ಅದನ್ನ ನೋಡಿನ ಹೇಳ್ತಾರ.