ಅಪ್‌ಡೇಟ್: ಅಡಿಕೆ ಸುಲಿಯುವ ಯಂತ್ರದ ಪೇಟೆಂಟ್ ಹುಡುಕಾಟ

ನನ್ನ ಅಡಿಕೆ ಸುಲಿಯುವ ಯಂತ್ರದಂಥದ್ದಕ್ಕೆ ಯಾರಾದರೂ ಮೊದಲೇ ಪೇಟೆಂಟ್ ಪಡೆದಿದ್ದಾರಾ, ಸುರಕ್ಷತೆಗೆ ಯಾವ ಮಾನಕ ನೋಡಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಧನ್ಯವಾದ.

ಪದ ಹಾಕಿ ಹುಡುಕುವ ಬದಲು ವರ್ಗೀಕರಣ ಸಂಖ್ಯೆ (ಒಂದೇ ಬಗೆಯ ಪೇಟೆಂಟ್‌ಗಳಿಗೆಲ್ಲ ಕೊಡುವ ಗುರುತಿನ ಸಂಖ್ಯೆ) ಹಿಡಿದು ಹೋಗಿ ಅಂದಿರಲ್ಲ, ಅದೇ ಕೆಲಸಕ್ಕೆ ಬಂತು. ಇಂಥ ಯಂತ್ರಕ್ಕೆ ಹಸ್ಕರ್, ಪೀಲರ್, ಡಿಹಸ್ಕಿಂಗ್ ಅಂತ ಒಬ್ಬೊಬ್ಬರು ಒಂದೊಂದು ಬರೆದಿರುತ್ತಾರೆ. ಯುರೋಪಿಯನ್ ಪೇಟೆಂಟ್ ಕಚೇರಿಯ ಹುಡುಕಾಟ ತಾಣ ಎಸ್ಪಾಸ್‌ನೆಟ್‌ನಲ್ಲಿ (Espacenet) ಎ23ಎನ್ 5/08 (A23N 5/08) ಅನ್ನುವ ಸಂಖ್ಯೆ ಕೊಟ್ಟರೆ ಕಾಯಿಗಳ ನಾರುಸಿಪ್ಪೆ ತೆಗೆಯುವ ಯಂತ್ರಗಳೆಲ್ಲ ಒಂದೇ ಕಡೆ ಬರುತ್ತವೆ.

ನಮ್ಮ ದೇಶದ ಅರ್ಜಿಗಳಿಗೆ ಭಾರತದ ಪೇಟೆಂಟ್ ಕಚೇರಿಯ ಹುಡುಕಾಟ ತಾಣ ಇನ್‌ಪಾಸ್ (InPASS) ನೋಡಿದೆ. ಅಲ್ಲಿ ಪೇಟೆಂಟ್ ಈಗ ಜಾರಿಯಲ್ಲಿದೆಯೇ ಅನ್ನುವ ಸ್ಥಿತಿ ಓದಲೇಬೇಕು: ನವೀಕರಣ ಶುಲ್ಕ ಕಟ್ಟದೆ ಪೇಟೆಂಟ್ ಬಿದ್ದುಹೋಗಿರಬಹುದು, ಕಟ್ಟಿದ್ದರೂ ಅರ್ಜಿಯ ದಿನದಿಂದ 20 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆ ತಂತ್ರವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಅದನ್ನೇ ಹೊಸದೆಂದು ನಾನು ಅರ್ಜಿ ಹಾಕುವಂತಿಲ್ಲ. ಇನ್ನೊಂದು ವಿಷಯ, ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುವುದು. ಹಾಗಾಗಿ ತೀರಾ ಹೊಸವು ಈಗ ಕಾಣುವುದೇ ಇಲ್ಲ, ಮುಂದೆ ಮತ್ತೆ ಹುಡುಕಬೇಕು.

ಮಾನಕಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತಾಣದಲ್ಲಿ ಖಾತೆ ತೆರೆದು ಐಎಸ್ 9020 (IS 9020) ಅನ್ನುವ ಮಾನಕ ಇಳಿಸಿಕೊಂಡೆ, ಉಚಿತ. ಅದು ಒಕ್ಕಣೆ ಯಂತ್ರಗಳ ಸುರಕ್ಷತೆಯದು. ಆದರೂ ಕೈ ಒಳಗೆ ಹೋಗದಂತೆ ಯಂತ್ರದ ಬಾಯಿ ಹೇಗಿರಬೇಕು ಅನ್ನುವುದು ನಮಗೂ ಬೇಕಾದದ್ದೇ. ಈಗ ಆ ಭಾಗದ ನಕ್ಷೆ ತಿದ್ದುತ್ತಿದ್ದೇನೆ.