ಹನುಕ್ಕಾದಿಂದ ಸಂಕ್ರಾಂತಿಯವರೆಗೆ: ಚಳಿಗಾಲದ ಹಬ್ಬಗಳನ್ನು ಮಕ್ಕಳಿಗೆ ಹೇಳಿಕೊಡುವುದು

‘ಹನುಕ್ಕಾ ಅಂದರೆ ಯಹೂದಿಗಳ ಕ್ರಿಸ್ಮಸ್’ ಎಂದು ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಗುವಿಗೆ ಹೇಳಿ ಮುಗಿಸುವುದು ಸುಲಭ. ಆದರೆ ಅದು ತಪ್ಪು, ಮತ್ತು ಮಗು ಮರುದಿನ ಅದನ್ನೇ ತರಗತಿಯ ಯಹೂದಿ ಗೆಳೆಯನ ಮುಂದೆ ಒಪ್ಪಿಸುತ್ತದೆ. ದೀಪಾವಳಿಯನ್ನು ‘ಹಿಂದೂಗಳ ಕ್ರಿಸ್ಮಸ್’ ಎಂದು ಯಾರಾದರೂ ಪರಿಚಯಿಸಿದರೆ ನಮಗೆ ಆಗುವ ಕಸಿವಿಸಿಯೇ ಅವರಿಗೂ ಆಗುತ್ತದೆ. ಪ್ರತಿ ಹಬ್ಬವನ್ನೂ ಅದರದೇ ಪಂಚಾಂಗದಿಂದ ಶುರುಮಾಡಿ. ಮಕ್ಕಳು ಮೊದಲು ಕೇಳುವುದೂ ‘ಯಾವತ್ತು?’ ಎಂದೇ.

ಹನುಕ್ಕಾ ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಂದು ಶುರುವಾಗಿ ಎಂಟು ದಿನ ನಡೆಯುತ್ತದೆ. 2025ರಲ್ಲಿ ಡಿಸೆಂಬರ್ 14ರ ಸಂಜೆ ಬಂತು, 2026ರಲ್ಲಿ ಡಿಸೆಂಬರ್ 4ರ ಸಂಜೆ ಬರುತ್ತದೆ. ಹೀಗೆ ಓಡಾಡುವುದೇಕೆ ಎಂಬುದು ನಮ್ಮ ಮಕ್ಕಳಿಗೆ ಬೇಗ ಅರ್ಥವಾಗಬೇಕು: ಅವರದೂ ಚಾಂದ್ರಮಾನ ತಿಂಗಳು, ಅವರಿಗೂ ಅಧಿಕಮಾಸವಿದೆ, 19 ವರ್ಷಕ್ಕೆ ಏಳು. ಇನ್ನೊಂದು ಸೊಗಸನ್ನೂ ತೋರಿಸಿ. ಅವರ ತಿಂಗಳು ಹುಟ್ಟುವುದು ಅಮಾವಾಸ್ಯೆ ಕಳೆದ ಮೇಲೆ. ಹಾಗಾಗಿ 25 ಎಂದರೆ ಕೃಷ್ಣಪಕ್ಷದ ಕೊನೆ, ಅಮಾವಾಸ್ಯೆ ಹಬ್ಬದ ನಡುವೆಯೇ ಬರುತ್ತದೆ. ಚಂದ್ರನಿಲ್ಲದ ರಾತ್ರಿಗಳಲ್ಲಿ ದೀಪ ಹಚ್ಚುವ ಹಬ್ಬ, ನಮ್ಮ ದೀಪಾವಳಿಯಂತೆ. ಕಥೆ ಬೇರೆ, ಕತ್ತಲು ಒಂದೇ.

ಇಸ್ಲಾಂ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಎರಡು ಸಲ ಶುರುವಾಗುತ್ತದೆ.

ಕ್ರಿಸ್ಮಸ್ ವಿಷಯದಲ್ಲಿ ಗೊಂದಲವಾಗುವುದು ರಷ್ಯಾ ಅಥವಾ ಸರ್ಬಿಯಾ ಮೂಲದ ಗೆಳೆಯರು ಜನವರಿ 7ರಂದು ಆಚರಿಸಿದಾಗ. ಅವರ ಚರ್ಚುಗಳಿಗೂ ಅದು ಡಿಸೆಂಬರ್ 25ರ ಹಬ್ಬವೇ. ಆದರೆ ಅವರು ಎಣಿಸುವುದು ಹಳೆಯ ಜೂಲಿಯನ್ ಪಂಚಾಂಗದಲ್ಲಿ, ಅದು ಈಗ 13 ದಿನ ಹಿಂದಿದೆ. ಉಕ್ರೇನ್ 2023ರಲ್ಲಿ ಅಧಿಕೃತವಾಗಿ ಡಿಸೆಂಬರ್ 25ಕ್ಕೆ ಬದಲಾಯಿಸಿಕೊಂಡಿತು. ಊಹಿಸಿ ಶುಭಾಶಯ ಹೇಳುವ ಬದಲು ‘ನಿಮ್ಮ ಮನೆಯಲ್ಲಿ ಯಾವತ್ತು?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿ.

ಸಂಕ್ರಾಂತಿಯ ಪ್ರಶ್ನೆಯೂ ಇದೇ ಜಾತಿಯದು. ‘ಉತ್ತರಾಯಣ ಅಂತೀರಿ, ಹಗಲು ಉದ್ದವಾಗುವುದು ಡಿಸೆಂಬರ್ 21ರ ಹೊತ್ತಿಗೇ ಶುರುವಾಯಿತಲ್ಲ?’ ಎಂದು ಹತ್ತು ವರ್ಷದ ಮಗು ಕೇಳಿದರೆ ಗದರಬೇಡಿ, ಅದು ಸರಿಯಾಗಿಯೇ ಕೇಳುತ್ತಿದೆ. ನಾವು ಸೂರ್ಯನ ಜಾಗವನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತೇವೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಹಗಲು ಉದ್ದವಾಗತೊಡಗುವ ದಿನವೂ ಒಟ್ಟಿಗೇ ಬರುತ್ತಿದ್ದವು. ಇನ್ನು ಸಂಕ್ರಮಣದ ಗಳಿಗೆ ಜಗತ್ತಿಗೆಲ್ಲ ಒಂದೇ. ಭಾರತದಲ್ಲಿ ಮಧ್ಯಾಹ್ನ ಒಂದೂವರೆಯೊಳಗೆ ಬಂದರೆ ಕ್ಯಾಲಿಫೋರ್ನಿಯಾದಲ್ಲಿ ಅದಿನ್ನೂ ಹಿಂದಿನ ದಿನ. ಊರಿನ ಕ್ಯಾಲೆಂಡರ್ ನೋಡಿ ದಿನ ಹಿಡಿದವರು ಎಡವುವುದು ಇಲ್ಲೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವವರು ಮಾತ್ರ ಚಳಿಗಾಲದ ಕಥೆಯನ್ನೇ ತಿರುಗಿಸಿ ಹೇಳಬೇಕು. ಇರಾನಿನವರು ವರ್ಷದ ಅತಿ ಉದ್ದದ ರಾತ್ರಿಯೆಂದು ದಾಳಿಂಬೆ, ಕಲ್ಲಂಗಡಿ ಇಟ್ಟುಕೊಂಡು, ಹಾಫಿಜ್ ಕವಿಯ ಪದ್ಯ ಓದುತ್ತ ಯಲ್ದಾ ಆಚರಿಸುವ ರಾತ್ರಿ ಅಲ್ಲಿ ಅತಿ ಚಿಕ್ಕದು.

ಕ್ವಾಂಜಾ ಧಾರ್ಮಿಕ ಹಬ್ಬವಲ್ಲ. 1966ರಲ್ಲಿ ಮೌಲಾನಾ ಕರೆಂಗಾ ಅಮೆರಿಕದ ಕಪ್ಪು ಜನರಿಗಾಗಿ ರೂಪಿಸಿದ ಸಾಂಸ್ಕೃತಿಕ ಆಚರಣೆ, ಡಿಸೆಂಬರ್ 26ರಿಂದ ಜನವರಿ 1ರವರೆಗೆ. ನಡುವೆ ಒಂದು ಕಪ್ಪು, ಎಡಕ್ಕೆ ಮೂರು ಕೆಂಪು, ಬಲಕ್ಕೆ ಮೂರು ಹಸಿರು ಮೇಣದಬತ್ತಿ. ದಿನಕ್ಕೊಂದು ತತ್ವ, ಮೊದಲ ದಿನದ್ದು ಉಮೋಜಾ, ಅಂದರೆ ಒಗ್ಗಟ್ಟು. ಕ್ರಿಸ್ಮಸ್ ಆಚರಿಸುವ ಮನೆಗಳಲ್ಲೂ ಇದನ್ನು ಮಾಡುತ್ತಾರೆ, ಒಂದರ ಬದಲಿಗೆ ಇನ್ನೊಂದಲ್ಲ.

ಯಹೂದಿ ಮನೆಗೆ ಕರೆ ಬಂದರೆ ದೀಪದ ಕ್ರಮವನ್ನು ಮಗುವಿಗೆ ಮೊದಲೇ ಹೇಳಿಡಿ, ಅಲ್ಲಿ ಅದು ಬೆರಗಿನಿಂದ ನೋಡುತ್ತದೆ. ಒಂಬತ್ತು ಕವಲಿನ ದೀಪಸ್ತಂಭ ಮೆನೋರಾದಲ್ಲಿ ಎಂಟು ರಾತ್ರಿಗಳದು, ಬೇರೆ ಎತ್ತರದಲ್ಲೋ ಪಕ್ಕದಲ್ಲೋ ಇರುವ ಒಂಬತ್ತನೆಯದು ಹಚ್ಚುವ ಬತ್ತಿ, ಶಮಾಶ್. ಬತ್ತಿಗಳನ್ನು ಬಲದಿಂದ ಎಡಕ್ಕೆ ಜೋಡಿಸುತ್ತಾರೆ, ಹಚ್ಚುವುದು ಎಡದಿಂದ, ಅಂದಿನ ಹೊಸ ಬತ್ತಿಯಿಂದ ಶುರು. ಪ್ರತಿ ರಾತ್ರಿಯ ಶಮಾಶ್ ಸೇರಿ ಎಂಟು ರಾತ್ರಿಗೆ ಒಟ್ಟು 44 ಬತ್ತಿ ಬೇಕು. ಎಣಿಸಿ ಕೂಡಿಸಲು ಮಗುವಿಗೇ ಬಿಡಿ. ಶುಕ್ರವಾರ ಸಬ್ಬತ್ (ವಾರದ ವಿಶ್ರಾಂತಿ ದಿನ) ದೀಪಕ್ಕಿಂತ ಮೊದಲು, ಸೂರ್ಯ ಮುಳುಗುವ ಮುಂಚೆಯೇ ಹಚ್ಚುತ್ತಾರೆ, ಹಾಗಾಗಿ ಆ ದಿನ ತಡವಾಗಿ ಹೋಗಬೇಡಿ. ಹುಟ್ಟುಹಬ್ಬದ ರೂಢಿಯಲ್ಲಿ ಮಗು ಬತ್ತಿಯನ್ನು ಊದಿ ಆರಿಸೀತು, ಎಚ್ಚರ. ‘ದೇವರ ದೀಪ ಊದಬಾರದು’ ಎಂಬ ನಮ್ಮ ಮನೆಯ ಮಾತೊಂದೇ ಸಾಕು. ಕೈಯಲ್ಲಿ ಒಯ್ಯುವುದಾದರೆ ಹೆಚ್ಚದ ಇಡೀ ಹಣ್ಣು ಒಳ್ಳೆಯದು. ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುವವರು ನಮ್ಮ ಅಡುಗೆಮನೆಯ ಮೈಸೂರು ಪಾಕನ್ನು ಎಷ್ಟೇ ಆಸೆಯಿದ್ದರೂ ತಿನ್ನಲಾರರು.

ಸಸ್ಯಾಹಾರಿ ಮಕ್ಕಳಿಗೆ ಈ ಕಾಲದಲ್ಲಿ ಮುಜುಗರವಾಗುವುದು ಮಾಂಸದಿಂದಲ್ಲ, ಸಿಹಿಯಿಂದ. ಬ್ರಿಟನ್ನಿನ ಕ್ರಿಸ್ಮಸ್ ಪುಡಿಂಗ್, ಮಿನ್ಸ್ ಪೈಗಳಲ್ಲಿ ಸಾಂಪ್ರದಾಯಿಕವಾಗಿ ದನದ ಕೊಬ್ಬು ಇರುತ್ತದೆ. ಸಸ್ಯಾಹಾರಿ ಬಗೆಗಳೂ ಸಿಗುತ್ತವೆ, ಪೊಟ್ಟಣ ಓದಬೇಕು. ಬಿಸಿ ಚಾಕೊಲೇಟಿನ ಮೇಲಿನ ಮಾರ್ಷ್‌ಮ್ಯಾಲೋನಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್. ಹನುಕ್ಕಾದ ಲಾಟ್ಕೆಗೆ, ಅಂದರೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತುರಿಯ ಬಿಲ್ಲೆಗೆ, ಮೊಟ್ಟೆ ಹಾಕುತ್ತಾರೆ. ಚೀನೀಯರ ಚಳಿಗಾಲದ ದೋಂಗ್‌ಜಿ ಹಬ್ಬದ ಅಕ್ಕಿಹಿಟ್ಟಿನ ಉಂಡೆ ತಾಂಗ್‌ಯುವಾನ್ ಒಳಗಿನ ಕರಿ ಎಳ್ಳಿನ ಹೂರಣ ನೋಡಲು ನಮ್ಮ ಎಳ್ಳುಂಡೆಯ ನೆಂಟನಂತಿರುತ್ತದೆ, ಆದರೆ ಅದನ್ನು ಹಲವೆಡೆ ಹಂದಿಯ ಕೊಬ್ಬಿನಲ್ಲಿ ಕಟ್ಟುತ್ತಾರೆ. ಬಡಿಸುವ ಮುಂಚೆ ಕೇಳಿದರೆ ಯಾರೂ ಬೇಸರಿಸುವುದಿಲ್ಲ, ಕಚ್ಚಿದ ಮೇಲೆ ಉಗುಳಿದರೆ ಬೇಸರವೇ.

ಇಷ್ಟೆಲ್ಲ ಕಲಿಸಿ ನಮ್ಮದನ್ನು ‘ಊರಲ್ಲಿ ಮಾಡುತ್ತಾರೆ’ ಎಂದು ಬಿಟ್ಟರೆ ಮಗುವಿನ ಕೈಗೆ ಏನೂ ಸಿಗುವುದಿಲ್ಲ. ಕ್ರಿಸ್ಮಸ್‌ವರೆಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರಿನ 24 ಬಾಗಿಲು ಮುಗಿದು ಮನೆ ಬಿಕೋ ಎನ್ನುವಾಗಲೂ ನಮ್ಮ ಧನುರ್ಮಾಸ ನಡೆದೇ ಇರುತ್ತದೆ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ರಜೆಯ ಬೆಳಗ್ಗೆ ದೀಪ ಹಚ್ಚಿ ಹುಗ್ಗಿ ಮಾಡಿದರೂ ಸಾಕು.

ಎಳ್ಳು ಬೀರುವುದನ್ನಂತೂ ಬಿಡಬೇಡಿ. 35 ಗ್ರಾಮಿನ 20 ಪೊಟ್ಟಣಕ್ಕೆ ಬಿಳಿ ಎಳ್ಳು 100 ಗ್ರಾಂ. ಸಿಪ್ಪೆ ತೆಗೆದು ಎರಡಾಗಿಸಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ 150 ಗ್ರಾಂ. ಕೊಬ್ಬರಿ ಒಣಗಿದ ಗಿಟುಕೇ ಆಗಬೇಕು, ಅಂಗಡಿಯ ತುರಿ ಬೆರೆತು ಪುಡಿಯಾಗುತ್ತದೆ. ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ. ಊರಿನ ಬಿಸಿಲಿಲ್ಲದ ಕಡೆ ಓವನ್ನಿನಲ್ಲಿ 90 ಡಿಗ್ರಿ ಸೆಲ್ಸಿಯಸ್‌ಗೆ 15–20 ನಿಮಿಷ ಇಡಿ, ಬಣ್ಣ ತಿರುಗಬಾರದು. ಬೆಲ್ಲ ಗಟ್ಟಿ ಅಚ್ಚಿನದಾಗಿರಲಿ. ಪುಡಿ ಬೆಲ್ಲ ತೇವ ಎಳೆದು ಎಲ್ಲವನ್ನೂ ಅಂಟಿಸುತ್ತದೆ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ, ಕೆಂಪಾದರೆ ಕಹಿ. ಎಲ್ಲ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಬೆರೆಸಿ. ಬಿಸಿ ಬೀಜಕ್ಕೆ ಬೆಲ್ಲ ಹಾಕಿದರೆ ಕರಗುತ್ತದೆ, ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆದರೆ ನೀರೊಡೆಯುತ್ತದೆ.

ಶಾಲೆಗೆ ಮಾತ್ರ ಇದನ್ನು ಕಳಿಸಬೇಡಿ. ಕಡಲೆಕಾಯಿ ಅಲರ್ಜಿ ಎಲ್ಲರಿಗೂ ಗೊತ್ತು. ಎಳ್ಳನ್ನೂ ಅಮೆರಿಕದಲ್ಲಿ 2023ರ ಜನವರಿ 1ರಿಂದ ಒಂಬತ್ತನೇ ಪ್ರಮುಖ ಅಲರ್ಜಿಕಾರಕವಾಗಿ ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯ. ಬ್ರಿಟನ್ನಿನ 14ರ ಪಟ್ಟಿಯಲ್ಲಿ ಎಳ್ಳು, ಕಡಲೆಕಾಯಿ ಎರಡೂ ಇವೆ. ತರಗತಿಯಲ್ಲಿ ಕಬ್ಬಿನ ಜಲ್ಲೆ, ಚಿತ್ರ, ರಂಗೋಲಿ ತೋರಿಸಿ. ಎಳ್ಳುಬೆಲ್ಲವನ್ನು ಶಾಲೆಯ ಹೊರಗೆ, ಐದೂ ಪದಾರ್ಥಗಳ ಹೆಸರು ಬರೆದು ಅಂಟಿಸಿ, ಪೋಷಕರ ಕೈಗೇ ಕೊಡಿ. ಐದು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರ ಪಾಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಕೊಡಿ. ಆ ಪುಟ್ಟವರಿಗೆ ಎಲಚಿ ಹಣ್ಣು ಎರೆಯುವಾಗಲೂ ಚಿಲ್ಲರೆ ಕಾಸು, ಕಬ್ಬಿನ ತುಂಡುಗಳನ್ನು ತಕ್ಷಣ ಆಯ್ದುಕೊಳ್ಳಲು ದೊಡ್ಡ ಮಕ್ಕಳಿಗೆ ಹೇಳಿರಿ.