ಶಿವು, ಆ ಕಪ್ಪು ಪಟ್ಟಿಯ ಕೆಳಗಿರುವುದು ಓದಲು ಬರುತ್ತಿದೆ

(ಒಂದೇ ಕಾಲೇಜಿನಲ್ಲಿ ಓದಿದ ವಕೀಲರ ವಾಟ್ಸಾಪ್ ಗುಂಪು)

ಶಿವು: [ಪಿಡಿಎಫ್: ಒಪ್ಪಂದ ಕರಡು ಹೊಸದು, 14 ಪುಟ]
ಗೆಳೆಯರೇ, ನನ್ನ ಕಕ್ಷಿದಾರಳ ವಿಚ್ಛೇದನದ ಒಪ್ಪಂದ. 6ನೇ ಮತ್ತು 9ನೇ ಷರತ್ತು ಒಮ್ಮೆ ನೋಡಿ ಹೇಳಿ. ನಾಳೆ ಬೆಳಿಗ್ಗೆ ಸಹಿ ಆಗಬೇಕು. ಹೆಸರು, ವಿಳಾಸ ಎಲ್ಲಾ ಕಪ್ಪು ಮಾಡಿದ್ದೇನೆ.

ರಘು: 9ರಲ್ಲಿ "ವಾರಾಂತ್ಯದಲ್ಲಿ ಮಗುವನ್ನು ನೋಡಬಹುದು" ಅಂತ ಸುಮ್ನೆ ಬಿಟ್ಟಿದ್ದೀಯ. ಎಷ್ಟು ಗಂಟೆಗೆ ಕರೆದುಕೊಂಡು ಹೋಗಬೇಕು, ಎಷ್ಟಕ್ಕೆ ವಾಪಸ್ ಬಿಡಬೇಕು, ಅದನ್ನು ಬರೆ. ಇಲ್ಲದಿದ್ದರೆ ಮೊದಲ ತಿಂಗಳೇ ಜಗಳ.

ಸುಮಾ: ಶಿವು, ಮೊದಲು ಅದನ್ನು ತೆಗೆ. ಡಿಲೀಟ್ ಫಾರ್ ಎವ್ರಿಒನ್ ಒತ್ತು. ಕಾರಣ ಆಮೇಲೆ ಹೇಳುತ್ತೇನೆ.

ಶಿವು: ಯಾಕೆ, ಏನಾಯ್ತು?

ಸುಮಾ: ಕಪ್ಪು ಪಟ್ಟಿಯ ಮೇಲೆ ಬೆರಳು ಒತ್ತಿ ಹಿಡಿದೆ. ಸಾಲು ಸೆಲೆಕ್ಟ್ ಆಯಿತು. ಕಾಪಿ ಮಾಡಿ ನನ್ನ ನೋಟ್ಸಿನಲ್ಲಿ ಪೇಸ್ಟ್ ಮಾಡಿದೆ. ಆ ಹೆಣ್ಣುಮಗಳ ಹೆಸರು ಬಂತು. ಈಗ ಇರುವ ಮನೆಯ ವಿಳಾಸ ಬಂತು. ಮಗುವಿನ ಶಾಲೆ ಯಾವುದು, ಮಧ್ಯಾಹ್ನ ಎಷ್ಟು ಗಂಟೆಗೆ ಯಾರು ಬಂದು ಕರೆದುಕೊಂಡು ಹೋಗುತ್ತಾರೆ, ಅದೂ ಬಂತು. ನೋಟ್ಸಿನಿಂದ ಅಳಿಸಿದ್ದೇನೆ.

ರಘು: ಹೌದಾ? ನನಗೆ ಬರೀ ಕಪ್ಪೇ ಕಾಣಿಸಿತು.

ಸುಮಾ: ಕಣ್ಣಿಗೆ ಕಪ್ಪೇ ಕಾಣೋದು. ಶಿವು ಅಕ್ಷರಗಳ ಮೇಲೆ ಒಂದು ಕಪ್ಪು ಚೌಕ ಎಳೆದಿದ್ದಾನೆ, ಅಷ್ಟೇ. ಕೆಳಗಿನ ಅಕ್ಷರ ಎಲ್ಲೂ ಹೋಗಿಲ್ಲ. ಬರೆದ ಹಾಳೆಯ ಮೇಲೆ ಬಟ್ಟೆ ಹೊದಿಸಿದ ಹಾಗೆ.

ಶಿವು: ತೆಗೆದೆ. ಆದರೆ ಸುಮಾ, ಇಷ್ಟೊಂದು ಗಾಬರಿ ಯಾಕೆ? ಇಲ್ಲಿರುವವರೆಲ್ಲ ಒಂದೇ ಕಾಲೇಜಿನಲ್ಲಿ ಓದಿದವರು, ಎಲ್ಲರೂ ವಕೀಲರು. ಗುಟ್ಟು ಕಾಯಬೇಕು ಅಂತ ಯಾರಿಗೆ ಗೊತ್ತಿಲ್ಲ? ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಡುವೆ ಯಾರೂ ಓದಲು ಆಗಲ್ಲ, ಅಲ್ವಾ?

ಸುಮಾ: ನಡುವೆ ಆಗಲ್ಲ, ನಿಜ. ದಾರಿಗೆ ಬೀಗ ಇದೆ, ಆದರೆ ಅದು ಹೋಗಿ ಮುಟ್ಟಿದ ಫೋನುಗಳಿಗೆ ಬೀಗ ಇದೆಯಾ? ಈ ಗುಂಪಿನಲ್ಲಿ 112 ಜನ ಇದ್ದೇವೆ. ಎಷ್ಟೋ ಜನರ ಫೋನಿನಲ್ಲಿ ಬಂದ ಫೈಲು ತಾನಾಗಿಯೇ ಇಳಿದುಕೊಳ್ಳುತ್ತದೆ. ಎಷ್ಟೋ ಜನರ ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ಬೆಳಗಿನಿಂದ ಸಂಜೆವರೆಗೂ ತೆರೆದೇ ಇರುತ್ತದೆ. ಅದರ ಮುಂದೆ ಗುಮಾಸ್ತರು ಕೂರುತ್ತಾರೆ, ಹೊಸದಾಗಿ ಸೇರಿದ ಜೂನಿಯರ್ ಕೂರುತ್ತಾರೆ, ಪ್ರಿಂಟರ್ ರಿಪೇರಿಗೆ ಬಂದವರೂ ಕೂರುತ್ತಾರೆ. ಮೇಲಿಂದ ಬ್ಯಾಕಪ್ ಬೇರೆ. ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಅನ್ನೋ ಬೀಗ ನಾವೇ ಆನ್ ಮಾಡಿಕೊಳ್ಳಬೇಕು, ಮಾಡಿದವರು ಎಷ್ಟು ಜನ ಅಂತ ಇಲ್ಲಿ ಕೇಳಲೂ ಭಯ. ನೀನು ಡಿಲೀಟ್ ಒತ್ತಿದ್ದು ಒಳ್ಳೆಯದಾಯಿತು, ಆದರೆ ಯಾರಾದರೂ ಆಗಲೇ ಸೇವ್ ಮಾಡಿಕೊಂಡಿದ್ದರೆ ಆ ಪ್ರತಿಯನ್ನು ನೀನು ಮುಟ್ಟಲೂ ಆಗಲ್ಲ.

ಗೀತಕ್ಕ: ಇದು ಶಿವು ಒಬ್ಬನ ತಪ್ಪಲ್ಲ. 2019ರ ಜನವರಿಯಲ್ಲಿ ಅಮೆರಿಕದಲ್ಲಿ, ಟ್ರಂಪ್ ಅವರ 2016ರ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ದಾಖಲೆಯಲ್ಲೂ ಇದೇ ಆಗಿತ್ತು. ಕಪ್ಪು ಮಾಡಿದ ಭಾಗವನ್ನು ಪತ್ರಕರ್ತರು ಕಾಪಿ ಮಾಡಿ ಪೇಸ್ಟ್ ಮಾಡಿದರು. ಚುನಾವಣಾ ಸಮೀಕ್ಷೆಯ ಅಂಕಿಅಂಶವನ್ನು ಮ್ಯಾನಫೋರ್ಟ್ ಯಾರಿಗೆ ಕೊಟ್ಟಿದ್ದರು ಎನ್ನುವ ಸಂಗತಿ ಅವತ್ತೇ ಸುದ್ದಿಯಾಯಿತು. ಅಷ್ಟು ದೊಡ್ಡ ಕೇಸು ನಡೆಸುವವರ ಕೈಯಲ್ಲೇ ಹೀಗಾಯಿತು.

ಶಿವು: ಹಾಗಾದರೆ ಸರಿಯಾಗಿ ಮಾಡೋದು ಹೇಗೆ ಗೀತಕ್ಕ?

ಗೀತಕ್ಕ: ಪಿಡಿಎಫ್ ತಂತ್ರಾಂಶದಲ್ಲಿ ರಿಡ್ಯಾಕ್ಟ್ ಅಂತಲೇ ಬೇರೆ ಆಯ್ಕೆ ಇರುತ್ತದೆ, ಅದು ಅಕ್ಷರವನ್ನೇ ಕಿತ್ತು ಹಾಕುತ್ತದೆ. ಗುರುತು ಹಾಕಿದರೆ ಸಾಲದು, ಕೊನೆಗೆ ಅಪ್ಲೈ ಒತ್ತಬೇಕು. ಅದಿಲ್ಲದಿದ್ದರೆ ಪ್ರಿಂಟ್ ತೆಗೆದು, ಮಸಿ ಬಳಿದು, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸ್ಕ್ಯಾನ್ ಮಾಡು. ಹಳೆಯ ವಿಧಾನ, ಆದರೆ ಕೆಲಸ ಆಗುತ್ತದೆ. ಕಳಿಸುವ ಮುಂಚೆ ಕಪ್ಪಿನ ಮೇಲೆ ಬೆರಳಿಟ್ಟು ನೀನೇ ಒಮ್ಮೆ ಕಾಪಿ ಮಾಡಿ ನೋಡು. ವರ್ಡ್ ಫೈಲಾದರೆ ಟ್ರ್ಯಾಕ್ ಚೇಂಜಸ್ (ತಿದ್ದಿದ್ದರ ಗುರುತು), ಕಾಮೆಂಟ್ ಎಲ್ಲಾ ತೆಗೆದಿದ್ದೀಯಾ ನೋಡು. "ಇಷ್ಟಕ್ಕೆ ಕಕ್ಷಿದಾರರು ಒಪ್ಪುತ್ತಾರೆ, ಮೊದಲು ಜಾಸ್ತಿ ಕೇಳೋಣ" ಅಂತ ಬದಿಯಲ್ಲಿ ಬರೆದಿದ್ದು ಹಾಗೇ ಎದುರು ಪಕ್ಷಕ್ಕೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ರಘು: ಎಲ್ಲಾ ಸರಿ, ಒಪ್ಪುತ್ತೇನೆ. ಆದರೆ ನಿಮ್ಮ ಮಾತು ಕೇಳಿದರೆ ಇಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ನನಗೆ ಸೀನಿಯರ್ ಇಲ್ಲ, ಪಾರ್ಟ್ನರ್ ಇಲ್ಲ. ಐಟಿ ವಿಭಾಗ ಅಂತೂ ದೂರದ ಮಾತು. ರಾತ್ರಿ ಹತ್ತಕ್ಕೆ ಒಂದು ಷರತ್ತಿನಲ್ಲಿ ಸಿಕ್ಕಿಹಾಕಿಕೊಂಡರೆ ಈ ಗುಂಪು ಬಿಟ್ಟು ನಾನು ಯಾರನ್ನು ಕೇಳಲಿ? ಎಷ್ಟು ಸಲ ನೀವೆಲ್ಲ ನನ್ನ ಕೈ ಹಿಡಿದಿದ್ದೀರಿ. ಸಹಾಯ ಕೇಳಿದ್ದಕ್ಕೇ ಬೈದರೆ ಒಬ್ಬೊಬ್ಬರೇ ಕೆಲಸ ಮಾಡುವವರು ಮುಳುಗಿ ಹೋಗುತ್ತೇವೆ.

ಸುಮಾ: ಕೇಳಬೇಡ ಅಂತ ನಾನೆಲ್ಲಿ ಅಂದೆ ರಘು? ಪ್ರಶ್ನೆ ಕೇಳು, ಫೈಲು ಹಾಕಬೇಡ. 9ನೇ ಷರತ್ತು ಇರೋದೇ ನಾಲ್ಕು ಸಾಲು. ಅಷ್ಟನ್ನೇ ಟೈಪ್ ಮಾಡಿ, ಗಂಡ, ಹೆಂಡತಿ, ಮಗು ಅಂತ ಬರೆದರೂ ನೀನು ಆಗ ಕೊಟ್ಟ ಉತ್ತರವನ್ನೇ ಕೊಡುತ್ತಿದ್ದೆ. ಮಗುವಿನ ಶಾಲೆಯ ಹೆಸರು ನಿನಗೆ ಬೇಕಿತ್ತಾ?

ರಘು: ಬೇಕಿರಲಿಲ್ಲ.

ಸುಮಾ: ಆ ಹೆಂಗಸು ತನ್ನ ವಿಳಾಸವನ್ನು ಶಿವುಗೆ ಹೇಳಿದ್ದಾಳೆ. ನನಗೆ ಹೇಳಿಲ್ಲ. ನಾವು ವಕೀಲರೇ ಇರಬಹುದು, ಅವಳ ವಕೀಲರಲ್ಲ.

ರಘು: ಹಾಗಾದರೆ ಇನ್ನೊಂದು ಕೇಳುತ್ತೇನೆ, ಬೈಯಬೇಡಿ. ನಾನು ದೊಡ್ಡ ಫೈಲುಗಳನ್ನು ಒಂದು ಎಐ ಸೈಟಿಗೆ ಹಾಕಿ ಸಾರಾಂಶ ತೆಗೆಯುತ್ತೇನೆ. ಉಚಿತ ಖಾತೆ. 200 ಪುಟದ ಸಾಕ್ಷಿ ಹೇಳಿಕೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೆಲಸ ಆದ ಕೂಡಲೇ ಚಾಟ್ ಅಳಿಸಿಬಿಡುತ್ತೇನೆ. ಅಲ್ಲಿ ಓದೋದು ಯಂತ್ರ, ಮನುಷ್ಯರಲ್ಲ. ಅದರಲ್ಲೇನು ತೊಂದರೆ?

ಗೀತಕ್ಕ: ನೀನು ಅಳಿಸಿದರೆ ನಿನ್ನ ಪರದೆಯಿಂದ ಹೋಗುತ್ತದೆ. ಅವರ ಕಡೆ ಯಾವಾಗ ಹೋಗುತ್ತದೆ ಅನ್ನೋದು ನಿನ್ನ ಕೈಯಲ್ಲಿಲ್ಲ. 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೂಡಿದ ದಾವೆಯಲ್ಲಿ ಅಮೆರಿಕದ ಕೋರ್ಟು ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐಗೆ ಒಂದು ಆದೇಶ ಕೊಟ್ಟಿತು: ಬಳಕೆದಾರರು ಅಳಿಸಿದ ಚಾಟುಗಳೂ ಸೇರಿ ಉತ್ತರಗಳ ದಾಖಲೆಯನ್ನು ಉಳಿಸಿಡಬೇಕು ಅಂತ. ಮುಂದೆ ಆ ಹೊಣೆ ಮುಗಿಯಿತು. ಆದರೆ ಆ ಕೆಲವು ತಿಂಗಳು, ಅಳಿಸಿದ್ದೇವೆ ಅಂದುಕೊಂಡಿದ್ದು ಉಳಿದಿತ್ತು. ಆ ದಾವೆಗೂ ಆ ಬಳಕೆದಾರರಿಗೂ ಏನೂ ಸಂಬಂಧ ಇರಲಿಲ್ಲ.

ರಘು: ಇದು ನನಗೆ ಗೊತ್ತಿರಲಿಲ್ಲ.

ಗೀತಕ್ಕ: ಎಐ ಬೇಡವೇ ಬೇಡ ಅಂತ ನಾನು ಹೇಳಲ್ಲ, ನಾನೂ ಬಳಸುತ್ತೇನೆ. ಅಮೆರಿಕದ ವಕೀಲರ ಸಂಘ, ಅಮೆರಿಕನ್ ಬಾರ್ ಅಸೋಸಿಯೇಷನ್, 2024ರ ಜುಲೈನಲ್ಲಿ 512ನೇ ಅಭಿಪ್ರಾಯ ಅಂತ ಒಂದನ್ನು ಹೊರಡಿಸಿದೆ. ನಾವು ಹಾಕಿದ್ದರಿಂದ ಕಲಿಯುವ ಎಐ ಆಗಿದ್ದರೆ, ಕಕ್ಷಿದಾರರ ಮಾಹಿತಿ ಹಾಕುವ ಮುಂಚೆ ಅವರಿಗೆ ಎಲ್ಲಾ ವಿವರಿಸಿ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ ಅದು. ವಕಾಲತ್ತಿನ ಜೊತೆ ಸಹಿ ಮಾಡಿಸುವ ಕಾಗದದಲ್ಲಿ ಒಂದು ಸಾಲು ಸೇರಿಸಿಬಿಟ್ಟರೆ ಸಾಲದು. ಅದು ನಮ್ಮೆಲ್ಲರಿಗೂ ಅನ್ವಯಿಸುವ ನಿಯಮ ಅಲ್ಲದಿರಬಹುದು. ಆದರೆ ನಿನ್ನ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು "ನಿಮ್ಮ ಹೇಳಿಕೆಯನ್ನು ಇಂಥ ಸೈಟಿಗೆ ಹಾಕುತ್ತೇನೆ" ಅಂತ ಹೇಳಲು ನಿನಗೆ ಬಾಯಿ ಬರುತ್ತದಾ?

ರಘು: ಬರಲ್ಲ ಅಕ್ಕ. ಇವತ್ತು ಬೆಳಿಗ್ಗೆ ಹಾಕಿದ್ದು ಒಬ್ಬ ಹುಡುಗಿಯ ಹೇಳಿಕೆ.

ಸುಮಾ: ಇವತ್ತೇ ಆ ಖಾತೆಯ ಸೆಟ್ಟಿಂಗ್ಸ್ ನೋಡು. ತರಬೇತಿಗೆ ಬಳಸಿಕೊಳ್ಳಬಹುದು ಅಂತ ಆನ್ ಇದ್ದರೆ ಆಫ್ ಮಾಡು. ಮುಂದೆ ಹಾಕಲೇಬೇಕಾದರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡುತ್ತಾರೆ ಅಂತ ಲಿಖಿತವಾಗಿ ಕೊಡುವವರ ಹತ್ತಿರ ದುಡ್ಡು ಕೊಟ್ಟು ತಗೋ, ಕಕ್ಷಿದಾರರನ್ನೂ ಕೇಳು.
ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಬ್ಬರ ವೈದ್ಯಕೀಯ ವರದಿ ಮೇಲ್ ಮಾಡುತ್ತಿದ್ದೆ. ಹೆಸರಿನ ಮೊದಲ ಮೂರು ಅಕ್ಷರ ಟೈಪ್ ಮಾಡಿದೆ, ಮೇಲ್ ತಾನೇ ಉಳಿದ ಹೆಸರು ತುಂಬಿತು, ನಾನು ನೋಡದೆ ಕಳಿಸಿದೆ. ಅದು ಹೋಗಿದ್ದು ಅದೇ ಹೆಸರಿನ ಇನ್ನೊಬ್ಬರಿಗೆ, ಬೇರೆ ಕೇಸಿನವರಿಗೆ. ಅವರೇ ಫೋನ್ ಮಾಡಿ "ಮೇಡಂ, ಇದು ನನ್ನದಲ್ಲ" ಅಂದರು. ಆ ಸಂಜೆ ನನ್ನ ಕಕ್ಷಿದಾರರಿಗೆ ಫೋನ್ ಮಾಡಿ ಹೇಳುವಾಗ ಕೈ ನಡುಗುತ್ತಿತ್ತು. ಅವರು ಬೈದರೆ ವಾಸಿಯಿತ್ತು. ಸುಮ್ಮನೆ ಇದ್ದುಬಿಟ್ಟರು. ಅವತ್ತೇ ಆಟೋಫಿಲ್ ತೆಗೆದೆ. ಇವತ್ತಿಗೂ ವಿಳಾಸ ಪೂರ್ತಿ ಟೈಪ್ ಮಾಡುತ್ತೇನೆ.

ಶಿವು: ಸರಿ ಸುಮಾ. ತಪ್ಪಾಯಿತು. ಆದರೆ ನಿಜಕ್ಕೂ ಏನೂ ಆಗಿಲ್ಲ ತಾನೇ? ಹತ್ತು ನಿಮಿಷವೂ ಇರಲಿಲ್ಲ ಅದು ಇಲ್ಲಿ.

ಮಂಜು: ಶಿವು, ಇದನ್ನು ನಿನಗೆ ಒಬ್ಬನಿಗೇ ಹೇಳಬಹುದಿತ್ತು. ಆದರೆ ನಾನು ಏನು ನೋಡಿದೆ, ಏನು ನೋಡಿಲ್ಲ ಅನ್ನೋದಕ್ಕೆ ಎಲ್ಲರೂ ಸಾಕ್ಷಿ ಇರಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಫೈಲು ತೆರೆದೆ. 6ನೇ ಷರತ್ತಿನ ಮೊತ್ತ, ಮದುವೆಯ ದಿನಾಂಕ ನೋಡಿದ ಕೂಡಲೇ ಕೇಸು ಗೊತ್ತಾಯಿತು. ಎದುರು ಪಕ್ಷದ, ಅಂದರೆ ಗಂಡನ, ವಕಾಲತ್ತು ನಮ್ಮ ಆಫೀಸಿನದು. ಹೆಸರು ಕಪ್ಪಾಗಿದ್ದರೂ ಗೊತ್ತಾಗಿಬಿಟ್ಟಿತು. ಕಪ್ಪು ಪಟ್ಟಿ ಮುಟ್ಟಿಲ್ಲ, ಅಲ್ಲಿಗೇ ಮುಚ್ಚಿದೆ. ಆದರೆ ಫೈಲು ನನ್ನ ಫೋನಿನಲ್ಲಿ ಇಳಿದಿತ್ತು, ಈಗ ತೆಗೆದೆ. ಆಫೀಸಿನ ಕಂಪ್ಯೂಟರಿನಲ್ಲೂ ನನ್ನ ವಾಟ್ಸಾಪ್ ತೆರೆದಿದೆ. ಅಲ್ಲಿಗೇ ಹೊರಟಿದ್ದೇನೆ.

ಸುಮಾ: ಮಂಜು, ಹೇಳಿದ್ದು ದೊಡ್ಡ ಉಪಕಾರ.

ಗೀತಕ್ಕ: 2022ರಲ್ಲಿ ಅಮೆರಿಕದ ರೇಡಿಯೋ ನಿರೂಪಕ ಅಲೆಕ್ಸ್ ಜೋನ್ಸ್ ಕೇಸಿನಲ್ಲಿ ಹೀಗೇ ಆಯಿತು. ಅವರ ವಕೀಲರ ಕಡೆಯಿಂದ ಅವರ ಫೋನಿನ ಇಡೀ ಪ್ರತಿ ಎದುರು ಪಕ್ಷಕ್ಕೆ ಹೋಯಿತು. ಎದುರಿನ ವಕೀಲರು ತಿಳಿಸಿದರು, ಗಡುವಿನೊಳಗೆ ಜೋನ್ಸ್ ಕಡೆಯವರು ಸರಿಯಾಗಿ ಆಕ್ಷೇಪ ಎತ್ತಲಿಲ್ಲ. ಕೊನೆಗೆ ಆ ಫೋನಿನ ಸಂದೇಶಗಳನ್ನೇ ಹಿಡಿದು ಜೋನ್ಸ್ ಅವರನ್ನು ಪಾಟಿ ಸವಾಲು ಮಾಡಿದರು. ಶಿವು, ಇವತ್ತೇ ಮಂಜು ಆಫೀಸಿಗೆ ಲಿಖಿತವಾಗಿ ಕಳಿಸು: ತಪ್ಪಿ ಹೋಗಿದೆ, ಬಳಸಬಾರದು, ಎಲ್ಲಾ ಪ್ರತಿ ಅಳಿಸಿ ಖಚಿತಪಡಿಸಿ ಅಂತ. ಅದಕ್ಕೂ ಮುಂಚೆ ಆ ಹೆಣ್ಣುಮಗಳಿಗೆ ಫೋನ್ ಮಾಡು.

ಶಿವು: ಈಗಲಾ? ರಾತ್ರಿ ಒಂಬತ್ತೂವರೆ.

ಸುಮಾ: ಈಗಲೇ ಕಣೋ. ನಾಳೆ ಮಗುವನ್ನು ಶಾಲೆಗೆ ಕಳಿಸಬೇಕೋ ಬೇಡವೋ ಅಂತ ಅವಳು ರಾತ್ರಿಯೇ ಯೋಚಿಸಬೇಕು.

ಶಿವು: ಮಾಡಿದೆ. ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ, ಎಷ್ಟು ಜನರ ಹತ್ತಿರ ಇದೆ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಗುಂಪಿನವರನ್ನು ಕೇಳಿ ಅರ್ಧ ಗಂಟೆಯಲ್ಲಿ ಹೇಳುತ್ತೇನೆ ಅಂದಿದ್ದೇನೆ. ದಯವಿಟ್ಟು ಎಲ್ಲರೂ ನಿಮ್ಮ ಫೋನ್, ಕಂಪ್ಯೂಟರ್ ನೋಡಿ. ಇಳಿದಿದ್ದರೆ ಅಳಿಸಿ, ಇಲ್ಲಿ ಒಂದು ಸಾಲು ಹಾಕಿ. ತೆರೆಯದವರೂ ಹಾಕಿ.

ರಘು: ಇಳಿದಿತ್ತು. ಫೋನಿನಿಂದ, ಲ್ಯಾಪ್‌ಟಾಪಿನಿಂದ ತೆಗೆದೆ. ಬ್ಯಾಕಪ್ ನೋಡುತ್ತಿದ್ದೇನೆ.

ಗೀತಕ್ಕ: ನನ್ನಲ್ಲಿ ಇಳಿದಿಲ್ಲ. ಆಫೀಸಿನವರನ್ನೂ ಕೇಳಿದೆ, ಯಾರೂ ತೆರೆದಿಲ್ಲ.

ಸುಮಾ: ಫೋನಿನಲ್ಲಿತ್ತು, ತೆಗೆದೆ. ನನ್ನನ್ನು ಓದಿದವಳು ಅಂತ ಲೆಕ್ಕಕ್ಕೆ ಹಿಡಿ ಶಿವು. ಬೇಕಾದರೆ ನಾನೇ ಅವಳ ಹತ್ತಿರ ಮಾತಾಡುತ್ತೇನೆ.

ಮಂಜು: ಆಫೀಸಿಗೆ ಬಂದಿದ್ದೇನೆ. ಕಂಪ್ಯೂಟರಿನ ಡೌನ್‌ಲೋಡ್ಸಿನಲ್ಲೂ ಒಂದು ಪ್ರತಿ ಇತ್ತು. ಅಳಿಸಿದೆ, ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ನಮ್ಮ ಸೀನಿಯರಿಗೆ ಈಗ ಫೋನ್ ಮಾಡುತ್ತೇನೆ.